ಹಿಂದಕ್ಕೆ ಹೋಗಿ ನೋಡುತ್ತಿದ್ದ ಡ್ರೈವರಣ್ಣ

ಪ್ರಯಾಣಿಕರನ್ನು ತುಂಬಿಕೊಂಡು ಹೋಗುತ್ತಿದ್ದ ಬಸ್ಸನ್ನು ನಡುದಾರಿಯಲ್ಲಿ ತಿರುಗಿಸಿ, ಬಂದ ರಸ್ತೆಯನ್ನೇ ಇನ್ನೊಮ್ಮೆ ನೋಡಿಕೊಂಡು ಬರುತ್ತಿದ್ದ ಡ್ರೈವರನ್ನು ನಾನು ಕಂಡದ್ದು ಒಬ್ಬರನ್ನೇ. ಹೋದ ತಿಂಗಳು ಅವರು ಕೆಲಸ ಬಿಟ್ಟರು. ಕಂಡಕ್ಟರ್ ಶಫಿ ಫೋನ್ ಮಾಡಿ ಸುದ್ದಿ ಹೇಳಿದ. ಓನರು ಶಾಲು ಹೊದಿಸಿ, ಹಾರ ಹಾಕಿ, ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರಂತೆ.

"ಗಡಿಯಾರ ಕೊಟ್ಟವ್ರೆ ಮೇಡಂ, ನಮ್ಮಣ್ಣಂಗೆ" ಎಂದ ಶಫಿ. ಅವರ ಕೈಯಲ್ಲಿ ಆ ಬಸ್ಸು ಹೇಳಿದ ಹೊತ್ತಿಗೆ ಊರು ಮುಟ್ಟಿದ್ದು ಇಬ್ಬರಿಗೂ ನೆನಪಿರಲಿಲ್ಲ.

ಅವರ ಬಗ್ಗೆ ಬರೆಯಲೇ ಎಂದು ಅವರನ್ನೇ ಕೇಳಿದೆ. "ಹೆಸರು ಬ್ಯಾಡಿ, ಬಸ್ಸಿನ ಹೆಸರೂ ಬ್ಯಾಡಿ. ಮಿಕ್ಕಿದ್ದು ಏನಾರ ಬರ್ಕಳಿ" ಎಂದರು. ಹಾಗಾಗಿ ಬಸ್ಸಿನಲ್ಲಿ ಎಲ್ಲರೂ ಕರೆಯುತ್ತಿದ್ದಂತೆ ಇಲ್ಲಿಯೂ ಅವರು ಡ್ರೈವರಣ್ಣ.

ನಾನು ರಾಮನಗರದ ಒಂದು ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್. ಮನೆ ಚನ್ನಪಟ್ಟಣ. ಹೊಸ ಹೆದ್ದಾರಿ ಊರ ಹೊರಗಿನಿಂದ ಹೋದ ಮೇಲೆ ಹಳೆಯ ರಸ್ತೆಯಲ್ಲಿ ಲಾರಿಗಳು ಕಡಿಮೆಯಾದವು. ನಮ್ಮಂಥ ದಿನ ಓಡಾಡುವವರಿಗೆ ಉಳಿದದ್ದು ಒಂದಷ್ಟು ಖಾಸಗಿ ಬಸ್ಸು. ನಾನು ಮೊದಲ ಸಲ ಅವರ ಬಸ್ಸು ಹತ್ತಿದ ದಿನ, ಕೆಂಗಲ್ ದಾಟಿದ ಮೇಲಿನ ರೋಡ್ ಹಂಪಿನಲ್ಲಿ ಬಸ್ಸು ಒಮ್ಮೆ ಕುಲುಕಿತು. ಡ್ರೈವರು ನಿಧಾನ ಮಾಡಿ ಕನ್ನಡಿ ನೋಡಿದರು.

"ಶಫಿ, ಏನಾರ ಸಿಕ್ತೇನ್ಲಾ?"

"ಏನಿಲ್ಲ ಅಣ್ಣ, ಹಂಪು."

ಒಂದಷ್ಟು ದೂರ ಹೋದರು. ಪೆಟ್ರೋಲ್ ಬಂಕ್ ಸಿಕ್ಕಿತು. ಡೀಸೆಲ್ ಹಾಕಿಸುತ್ತಾರೆ ಅಂದುಕೊಂಡೆ. ಬಸ್ಸು ಬಂಕಿನೊಳಗೆ ಒಂದು ಸುತ್ತು ಹಾಕಿ ಚನ್ನಪಟ್ಟಣದ ಕಡೆಗೆ ಮುಖ ಮಾಡಿತು. ಕತ್ತೆತ್ತಿ ಕೇಳಿದವರು ಯಾರೂ ಇಲ್ಲ. ಪಕ್ಕದ ಹೆಂಗಸು ಟಿಫನ್ ಡಬ್ಬಿ ಬಿಚ್ಚಿದಳು. ಹಂಪಿನ ಹತ್ತಿರ ನಡೆದಷ್ಟೇ ವೇಗದಲ್ಲಿ ಹೋಗಿ, ಆ ಬದಿ ಈ ಬದಿಯ ಚರಂಡಿ ನೋಡಿ, ಮುಂದೆ ಜಾಗ ಸಿಕ್ಕಲ್ಲಿ ಮತ್ತೆ ತಿರುಗಿಸಿದರು. ರಾಮನಗರಕ್ಕೆ ಹೋಗಬೇಕಾದರೆ ಅದೇ ಹಂಪನ್ನು ಹತ್ತಲೇಬೇಕು. ಹತ್ತಿದ ಮೇಲೆ ಬಸ್ಸು ಕುಲುಕಲೇಬೇಕು. ಕುಲುಕಿತು. ಡ್ರೈವರು ಕನ್ನಡಿ ನೋಡಿದರು.

"ಶಫಿ, ಏನಾರ ಸಿಕ್ತೇನ್ಲಾ?"

ಆ ದಿನ ಆಸ್ಪತ್ರೆಯಲ್ಲಿ ತಡವಾಗಿ ಬಂದದ್ದಕ್ಕೆ ಕಾರಣ ಕೇಳಿದಾಗ ನಾನು ಏನು ಹೇಳಲಿ? ಬಸ್ಸು ಕೆಟ್ಟಿತ್ತು ಎಂದು ಸುಳ್ಳು ಹೇಳಿದೆ. ನಿಜ ನಂಬುವ ಹಾಗಿರಲಿಲ್ಲ.

ಅವಸರ ಇದ್ದವರು ಬೇರೆ ಬಸ್ಸು ಹಿಡಿಯುತ್ತಿದ್ದರು. ಉಳಿದವರು ಅವರಿಗೆ ಒಗ್ಗಿದವರು. ಕಾರಣವೂ ಇತ್ತು. ಅವರ ಕೈಯಲ್ಲಿ ಆ ಬಸ್ಸಿಗೆ ಒಂದು ಗೀರೂ ಬಿದ್ದಿರಲಿಲ್ಲ. ತಾಯಂದಿರು ಸ್ಕೂಲ್ ಮಕ್ಕಳನ್ನು ಕಾದಿದ್ದು ಅದೇ ಬಸ್ಸಿಗೆ ಹತ್ತಿಸುತ್ತಿದ್ದರು. ಓನರು ಬೈಯುವರು, ಡೀಸೆಲ್ ಲೆಕ್ಕ ಹೇಳುವರು, ಕೊನೆಗೆ ಗೀರಿಲ್ಲದ ಬಸ್ಸನ್ನು ನೋಡಿ ಸುಮ್ಮನಾಗುವರು.

ಕುಳ್ಳನೆಯ ಮನುಷ್ಯ, ದಪ್ಪ ಗಾಜಿನ ಕನ್ನಡಕ, ಹೆಗಲ ಮೇಲೆ ಒಂದು ಟವೆಲ್. ಸ್ಟಾರ್ಟ್ ಮಾಡುವ ಮುಂಚೆ ಬಸ್ಸಿನ ಸುತ್ತ ಬಂದು, ಬಗ್ಗಿ, ಚಕ್ರದ ಸಂದಿಯಲ್ಲೆಲ್ಲ ಇಣುಕುವರು. ನಾಯಿ ಮಲಗಿದ್ದರೆ ಹಾರ್ನ್ ಹಾಕುತ್ತಿರಲಿಲ್ಲ. ಇಳಿದು ಹೋಗಿ, "ಒಸಿ ಅತ್ಲಾಗೆ ಸರ್ಕತೀರಾ ಸಾಮಿ" ಎನ್ನುವರು. ಬೆಳಿಗ್ಗೆ ಪೇಪರಿನಲ್ಲಿ ಜಿಲ್ಲೆಯ ಪುಟದ ಅಪಘಾತದ ಸುದ್ದಿಗಳನ್ನು ಮಾತ್ರ ಓದುವರು. ಕೆಂಗಲ್ ಹತ್ತಿರ ಯಾರೂ ಸತ್ತಿಲ್ಲ ಎಂದು ಗೊತ್ತಾದರೆ ಸಮಾಧಾನವಾಗಬೇಕು ತಾನೆ? ಪೇಪರ್ ಮಡಿಸಿ, "ಇನ್ನೂವೆ ಸುದ್ದಿ ಮುಟ್ಟಿಲ್ಲ" ಎನ್ನುವರು. "ಕಂಡಿಲ್ಲ ಅಂದ್ರೆ ಇಲ್ಲ ಅಂತಲ್ಲ" ಎಂಬುದು ಅವರ ದಿನದ ಮಾತು.

ಹಿಂದಿನ ಸೀಟಿನಲ್ಲಿ ಚಿಕ್ಕತಾಯಮ್ಮ ಕೂರುತ್ತಿದ್ದಳು. ರಾಮನಗರದ ಬೀದಿಗಳಲ್ಲಿ ಸೊಪ್ಪು ಮಾರುವ ಮುದುಕಿ. ಹಿಂದಿನ ಗಾಜಿನಿಂದ ರಸ್ತೆ ನೋಡುತ್ತಿರುವ ಕೆಲಸವನ್ನು ಡ್ರೈವರಣ್ಣ ಅವಳಿಗೆ ಒಪ್ಪಿಸಿದ್ದರು. ಅವಳೂ ಅದನ್ನು ನೇಮದಿಂದ ಮಾಡುತ್ತಿದ್ದಳು. ಪ್ರತಿ ಹಂಪಿಗೂ, "ಯಾರೂ ಸತ್ತಿಲ್ಲ ಕಣಪ್ಪ, ನಡಿ" ಎಂದು ಕೂಗುವಳು. ಅದರ ಹಿಂದೆಯೇ ಬಸ್ಸಿನಲ್ಲಿದ್ದವರೆಲ್ಲ, "ಯಾರೂ ಸತ್ತಿಲ್ಲ ಅಣ್ಣ" ಎನ್ನುವರು. ಕೆಲವು ತಿಂಗಳಲ್ಲಿ ನಾನೂ ಅನ್ನತೊಡಗಿದೆ.

ಮೊದಮೊದಲು ಮುದುಕಿಯ ಒಂದು ಕೂಗು ರಾಮನಗರದವರೆಗೆ ಸಾಲುತ್ತಿತ್ತು. ಬರುಬರುತ್ತ ಮುಂದಿನ ಸ್ಟಾಪಿನವರೆಗೂ ಸಾಲದಾಯಿತು. ಒಂದು ದಿನ, "ಚಿಕ್ಕತಾಯಮ್ಮ, ನಿಂಗೆ ಕಣ್ಣು ನೆಟ್ಟಗೆ ಕಾಣ್ತದಾ?" ಎಂದು ಡ್ರೈವರಣ್ಣ ಕೇಳಿದರು. ನಾವೆಲ್ಲ ಸೇರಿ ಅವಳನ್ನು ಕಣ್ಣಿನ ಶಿಬಿರಕ್ಕೆ ಕರೆದುಕೊಂಡು ಹೋಗಿ ಕನ್ನಡಕ ಕೊಡಿಸಿದೆವು. ಮಾರನೆಯ ದಿನ ಅವಳು ಹೊಸ ಕನ್ನಡಕದಲ್ಲಿ ರಸ್ತೆ ನೋಡಿ, ಯಾರೂ ಸತ್ತಿಲ್ಲ ಎಂದಳು. ಡ್ರೈವರಣ್ಣ ಪೆಟ್ರೋಲ್ ಬಂಕಿನವರೆಗೆ ಹೋಗಿ, "ಕನ್ನಡ್ಕ ಹೊಸದು. ಇನ್ನೂ ಹೊಂದಿಲ್ವೇನೋ" ಎಂದು ಬಸ್ಸು ತಿರುಗಿಸಿದರು.

ಇದೆಲ್ಲ ನಮಗೆ ತಮಾಷೆಯಾಗಿತ್ತು. ಹಾಗೆ ಉಳಿಯದಂತೆ ಮಾಡಿದ್ದು ಒಂದು ಮಧ್ಯಾಹ್ನ ಬಂದ ಶಫಿಯ ಫೋನು. "ಮೇಡಂ, ಅಣ್ಣ ಬಸ್ಸು ಸ್ಟ್ಯಾಂಡಲ್ಲಿ ನಿಲ್ಸಿ ಸ್ಟೇಷನ್‌ಗೆ ಹೋಗ್ಬುಟ್ಟವ್ರೆ. ಕೊಲೆ ಮಾಡಿವ್ನಿ ಅಂತಾವ್ರೆ. ಒಸಿ ಬನ್ನಿ."

ಓಡಿದೆ. ಡ್ರೈವರಣ್ಣ ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕೈ ಕಟ್ಟಿಕೊಂಡು ಕೂತಿದ್ದರು. ಎದುರಿಗೆ ವಯಸ್ಸಾದ ದಫೇದಾರರು. ಅವರು ಸೋತು ಹೋಗಿದ್ದರು.

"ನೀವು ಇವರ ಕಡೆಯವ್ರೇನಮ್ಮ? ಬೆಳಿಗ್ಗೆಯಿಂದ ಅರೆಸ್ಟ್ ಮಾಡಿ ಅಂತ ಕೂತವ್ರೆ. ಊಟಕ್ಕೂ ಏಳ್ತಾಯಿಲ್ಲ. ನೀವೇ ಕೇಳಿ." ನನ್ನೆದುರಿಗೇ ಮತ್ತೊಂದು ಸಲ ವಿಚಾರಣೆ ಮಾಡಿದರು. "ಯಾರನ್ನ ಕೊಂದ್ರಿ?"

"ಗೊತ್ತಿಲ್ಲ ಸಾ."

"ಯಾವತ್ತು?"

"ಇವತ್ತಿರಬೌದು. ನೆನ್ನೆ ಇರಬೌದು."

"ಹೆಣ ಎಲ್ಲೈತೆ?"

"ಹುಡುಕ್ದೆ ಸಾ. ಸಿಗ್ನಿಲ್ಲ."

"ಹೆಣ ಇಲ್ದೆ ನಾನು ಹೆಂಗಪ್ಪ ಕೇಸ್ ಹಾಕನೆ?" ದಫೇದಾರರು ನನ್ನ ಕಡೆ ತಿರುಗಿದರು. "ಪಾಪ ಇಷ್ಟು ಹೇಳ್ತಾವ್ರಲ್ಲ ಅಂತ ಒಬ್ಬ ಪೇದೇನ ಬೈಕಲ್ಲಿ ಕಳ್ಸಿದ್ದೆ. ರಸ್ತೆಯೆಲ್ಲ ನೋಡ್ಕೊಂಡು ಬಂದ. ಒಂಟಿ ಚಪ್ಪಲಿ ಸಿಕ್ತಂತೆ, ಅಷ್ಟೆ."

"ನೋಡುದ್ರಾ ಸಾ" ಎಂದರು ಡ್ರೈವರಣ್ಣ.

"ಅದ್ರೊಳಗೆ ಹುಲ್ಲು ಬೆಳ್ದೈತಂತೆ ಕಣ್ರೀ."

ನನಗೆ ನಗು ಬಂತು. ತಡೆದುಕೊಂಡು ಡ್ರೈವರಣ್ಣನ ಪಕ್ಕ ಕೂತೆ. ನನ್ನ ಕಿವಿಗಷ್ಟೇ ಕೇಳುವಂತೆ ಹೇಳಿದರು. "ಒಳಕ್ ಹಾಕುದ್ರೆ ವಾಸಿ ಮೇಡಂ. ಒಳಗಿದ್ರೆ ಬಸ್ಸು ಓಡ್ಸಂಗಿಲ್ಲ. ಯಾರೂ ಸಾಯಕ್ಕಿಲ್ಲ."

ನಗು ಅಲ್ಲಿಗೆ ನಿಂತಿತು.

ನಮ್ಮ ಆಸ್ಪತ್ರೆಗೆ ವಾರಕ್ಕೊಮ್ಮೆ ಮನೋರೋಗದ ಡಾಕ್ಟರು ಬರುತ್ತಿದ್ದರು. ಮಾಗಡಿ ಕಡೆಯ ಹುಡುಗಿ, ನಮ್ಮದೇ ಮಾತು. ಅವರ ಮುಂದೆ ಡ್ರೈವರಣ್ಣನನ್ನು ಕೂರಿಸಿದೆ. ಶಫಿಯೂ ಬಂದ. ಸೊಪ್ಪಿನ ಬುಟ್ಟಿಯ ಜೊತೆ ಚಿಕ್ಕತಾಯಮ್ಮನೂ ಬಂದಳು. ತಾನು ಸಾಕ್ಷಿ ಎಂದಳು.

ಡಾಕ್ಟ್ರಮ್ಮ ಎಲ್ಲ ಕೇಳಿಕೊಂಡು, ಇದು ಗೀಳು ಎಂಬ ಕಾಯಿಲೆ ಎಂದರು. "ಇದು ಎಲ್ರಿಗೂ ಒಂದೇ ಥರ ಬರಲ್ಲ. ಕೆಲವ್ರಿಗೆ ಕೊಳೆ ಅಂಟ್ತು ಅಂತ ಭಯ, ಕೈ ತೊಳ್ದು ತೊಳ್ದು ಚರ್ಮ ಕಿತ್ತೋಗಿರ್ತದೆ. ಕೆಲವ್ರಿಗೆ ಎಲ್ಲ ಸಮವಾಗಿ ಜೋಡ್ಸಿರಬೇಕು, ಇಲ್ದಿದ್ರೆ ಜೀವ ಹಿಂಡ್ದಂಗೆ ಆಗ್ತದೆ. ಕೆಲವ್ರಿಗೆ ಬ್ಯಾಡ ಅಂದ್ರೂ ಕೆಟ್ಟ ಯೋಚನೆ ನುಗ್ತವೆ. ನಿಮ್ಗೆ, ನನ್ನಿಂದ ಯಾರ್ಗೋ ಏಟಾಯ್ತು ಅನ್ನೋದು, ಹೋಗಿ ನೋಡೋದು."

"ಜೋಡ್ಸೋದಾ?" ಎಂದಳು ಚಿಕ್ಕತಾಯಮ್ಮ. "ನಮ್ ಶಫೀಗೂ ಐತೆ ಹಂಗಾರೆ. ಬ್ಯಾಗಲ್ಲಿ ನೋಟೆಲ್ಲ ಒಂದೇ ಕಡೆ ಮೊಕ ಮಾಡಿ ಜೋಡುಸ್ತಾನೆ."

"ಜೋಡ್ಸಿಲ್ಲ ಅಂದ್ರೆ ಸಂಕಟ ಆಗ್ತದಾ?" ಡಾಕ್ಟ್ರಮ್ಮ ಶಫಿಯನ್ನು ಕೇಳಿದರು.

"ಇಲ್ಲ ಮೇಡಂ. ಜೋಡ್ಸುದ್ರೆ ಖುಷಿ ಆಯ್ತದೆ."

"ಹಂಗಾದ್ರೆ ನಿಂದು ಕಾಯಿಲೆ ಅಲ್ಲ."

ಶಫಿಗೆ ಸ್ವಲ್ಪ ನಿರಾಸೆಯಾದಂತೆ ಕಂಡಿತು.

ಆಮೇಲೆ ಅಳತೆ ಶುರುವಾಯಿತು. ಅದಕ್ಕೊಂದು ಪ್ರಶ್ನೆಗಳ ಹಾಳೆ ಇದೆ. ಗೀಳಿನ ಯೋಚನೆಗೆ ದಿನದಲ್ಲಿ ಎಷ್ಟು ಹೊತ್ತು ಹೋಗುತ್ತದೆ, ಕೆಲಸಕ್ಕೆ ಎಷ್ಟು ಅಡ್ಡಿ, ಎಷ್ಟು ಸಂಕಟ, ಎಷ್ಟು ತಡೆಯುತ್ತೀರಿ, ತಡೆದರೆ ಎಷ್ಟು ನಿಲ್ಲುತ್ತದೆ. ನೋಡಲೇಬೇಕು ಎಂದು ಹೋಗುವುದಕ್ಕೂ ಅವೇ ಪ್ರಶ್ನೆ. ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ, ಒಟ್ಟು ನಲವತ್ತು.

"ದಿನಕ್ಕೆ ಎಷ್ಟು ಹೊತ್ತು ಹೋಗ್ತದೆ?"

"ಒಸಿ ಹೊತ್ತು" ಎಂದರು ಡ್ರೈವರಣ್ಣ.

"ಒಸಿಯಾ?" ಎಂದಳು ಚಿಕ್ಕತಾಯಮ್ಮ. "ನನ್ ಸೊಪ್ಪು ಬಾಡೋಗಷ್ಟು ಹೊತ್ತು ಕಣವ್ವ."

ಹಾಳೆಯಲ್ಲಿ ಆ ಉತ್ತರಕ್ಕೆ ಜಾಗವಿರಲಿಲ್ಲ. ಡಾಕ್ಟ್ರಮ್ಮ ಪೆನ್ನು ಹಿಡಿದುಕೊಂಡೇ ಕೇಳಿದರು. "ಸೊಪ್ಪು ಬಾಡೋಕೆ ಎಷ್ಟು ಹೊತ್ತು ಬೇಕಜ್ಜಿ?"

"ಯಾವ ಸೊಪ್ಪು? ಕೊತ್ತುಂಬ್ರಿಯೋ ದಂಟೋ?"

"ಯಾವುದು ಬಾಡಿತ್ತು?"

"ಕೊತ್ತುಂಬ್ರಿ ಅಲ್ಲೇ ಬಾಡೋಗಿತ್ತು. ದಂಟೂ ಬಾಡ್ತು ಅಂತ ಹೇಳ್ತಾ ಇವ್ನಿ."

ಡಾಕ್ಟ್ರಮ್ಮ ನಾಲ್ಕು ಹಾಕಿದರು.

ತಡೆಯಲು ಪ್ರಯತ್ನಿಸುತ್ತೀರಾ ಎಂದಾಗ ಡ್ರೈವರಣ್ಣ ಸ್ಟೇರಿಂಗ್ ಹಿಡಿದಂತೆ ಕೈ ಮುಂದೆ ಚಾಚಿದರು. "ತಡೀತೀನಿ ಮೇಡಂ. ಕಾಲು ಮುಂದಕ್ ಹೋಗನ ಅಂತದೆ. ಕೈ ಸ್ಟೇರಿಂಗ್ ತಿರುಗ್ಸು ಅಂತದೆ. ಕೊನೇಗೆ ಕೈಯೇ ಗೆಲ್ತದೆ." ಮೂರು ಎಂದು ಬರೆಸಿದರು. ಮುಂದಿನ ಪ್ರಶ್ನೆಯ ನಡುವೆ, "ಅದು ಮೂರು ಅಂದ್ನಲ್ಲ, ನಾಕು ಮಾಡ್ಬುಡಿ" ಎಂದರು. ಇನ್ನೊಂದು ಪ್ರಶ್ನೆ ಆದ ಮೇಲೆ, "ಬ್ಯಾಡ, ಮೂರೇ ಇರ್ಲಿ" ಎಂದರು. ಡಾಕ್ಟ್ರಮ್ಮ ಬೇಸರ ಮಾಡಿಕೊಳ್ಳದೆ ಹೊಡೆದು ಹೊಡೆದು ಬರೆದರು. ಕೊನೆಗೆ ಇಪ್ಪತ್ತೊಂಬತ್ತು ಬಂತು. ಜೋರಾಗಿದೆ ಎಂದರು.

ಇನ್ನೊಂದು ಹಾಳೆ ತೆಗೆದು, ನಮ್ಮನ್ನು ಹೊರಗಿರಲು ಹೇಳಿದರು. ಬಾಗಿಲು ಬಹಳ ಹೊತ್ತು ಮುಚ್ಚಿತ್ತು. ತೆರೆದಾಗ ಡ್ರೈವರಣ್ಣ ಕನ್ನಡಕ ತೆಗೆದು ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಅಲ್ಲಿ ಏನು ನಡೆಯಿತೆಂದು ನನಗೆ ಎಷ್ಟೋ ದಿನದ ಮೇಲೆ ಅವರೇ ಹೇಳಿದರು. ಸ್ಕೂಲಿನ ಗೇಟಿನ ಮುಂದೆ ಬಸ್ಸು ನಿಂತಾಗ ಅವರ ತಲೆಗೆ ಒಂದು ಯೋಚನೆ ಬರುತ್ತಿತ್ತು. ಈಗ ಇದನ್ನು ಮಕ್ಕಳ ಮೇಲೆ ನುಗ್ಗಿಸಿಬಿಟ್ಟರೆ? ತಾನು ಅಂಥ ಪಾಪಿ ಎಂದು ಹೆಂಡತಿಗೂ ಹೇಳಿರಲಿಲ್ಲ. ಡಾಕ್ಟ್ರಮ್ಮ ಆ ಎರಡನೆಯ ಹಾಳೆಯಿಂದ ಒಂದೊಂದೇ ಓದುತ್ತ ಹೋದಾಗ, ಇಷ್ಟವಿಲ್ಲದಿದ್ದರೂ ಯಾರಿಗಾದರೂ ಹಾನಿ ಮಾಡಿಬಿಡುತ್ತೇನೆಂಬ ಭಯ ಬರುತ್ತದೆಯೇ ಎಂಬ ಸಾಲು ಬಂತಂತೆ.

"ಅಚ್ಚಾಗಿತ್ತು ಮೇಡಂ" ಎಂದರು. "ಅಚ್ಚು ಹಾಕವ್ರೆ ಅಂದ್ರೆ ನನಗೊಬ್ನಿಗೇ ಅಲ್ಲ ಅಂತ ತಾನೆ? ಒಬ್ನಿಗೋಸ್ಕರ ಯಾರು ಅಚ್ಚು ಹಾಕ್ತಾರೆ?"

ಮಾತ್ರೆ ಶುರುವಾಯಿತು. ಕೆಲವು ವಾರ ರಜೆ ಹಾಕಿಸಿದರು. ಆ ದಿನಗಳಲ್ಲಿ ಬೇರೆ ಡ್ರೈವರು ಬಂದು ಬಸ್ಸು ಹೊತ್ತಿಗೆ ಸರಿಯಾಗಿ ಹೋಯಿತು. ಆಸ್ಪತ್ರೆಯ ಬಾಗಿಲು ತೆರೆಯುವ ಮುಂಚೆ ಹೋಗಿ ನಾನು ಮೆಟ್ಟಿಲ ಮೇಲೆ ಕೂರುತ್ತಿದ್ದೆ.

ಅವರು ವಾಪಸ್ ಬಂದ ದಿನ ಡಾಕ್ಟ್ರಮ್ಮ ಚನ್ನಪಟ್ಟಣಕ್ಕೇ ಬಂದು ಬಸ್ಸು ಹತ್ತಿದರು. ನಿಂತುಕೊಂಡು ಎಲ್ಲರಿಗೂ ಹೇಳಿದರು. "ನೀವೆಲ್ಲ ಯಾರೂ ಸತ್ತಿಲ್ಲ ಅಂತ ಹೇಳಿ ಹೇಳಿ ಈ ಕಾಯಿಲೇನ ಸಾಕಿದ್ದೀರ. ಇನ್ಮೇಲೆ ಹೇಳ್ಬೇಡಿ. ಅವರು ಕೇಳುದ್ರೆ, ಗೊತ್ತಿಲ್ಲ, ಇರಬೌದು ಅನ್ನಿ. ಅವರು ಆ ಸಂಶಯ ಇಟ್ಕೊಂಡೇ ಮುಂದಕ್ಕೆ ಹೋಗ್ಲಿ."

ಹೇಳಿದಷ್ಟು ಸುಲಭವಿರಲಿಲ್ಲ. ಹಂಪು ಬಂತು, ಬಸ್ಸು ಕುಲುಕಿತು. "ಯಾರ್ಗಾರ ತಗುಲ್ತಾ?" ಎಂದರು ಡ್ರೈವರಣ್ಣ. ಚಿಕ್ಕತಾಯಮ್ಮ ಕಣ್ಣು ಮುಚ್ಚಿಕೊಂಡು, "ಇರಬೌದು ಕಣಪ್ಪ, ನಡಿ" ಎಂದಳು. ನಾವೆಲ್ಲ ದನಿ ಸೇರಿಸಿದೆವು. ಪೆಟ್ರೋಲ್ ಬಂಕ್ ಬಂತು. ಅವರ ಕತ್ತಿನ ಹಿಂದೆ ಬೆವರು ಇಳಿಯುತ್ತಿತ್ತು. ಬಸ್ಸು ಬಂಕನ್ನು ದಾಟಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟಬಾರದೆಂದು ಡಾಕ್ಟ್ರಮ್ಮ ಕೈಸನ್ನೆ ಮಾಡಿದ್ದರು.

ಗೊತ್ತಿಲ್ಲದವರಿಗೆ ಇದು ಹೇಗೆ ಕಾಣುತ್ತಿತ್ತೆಂದರೆ, ಒಂದು ದಿನ ಬೆಂಗಳೂರಿನ ಒಬ್ಬರು ಮುಂದಿನ ಸೀಟಿನಲ್ಲಿ ಕೂತಿದ್ದರು. ಡ್ರೈವರು, "ಯಾರಾರ ಚಕ್ರಕ್ಕೆ ಸಿಕ್ಕುದ್ರಾ?" ಎಂದು ಕೇಳಿದ್ದೂ, ಬಸ್ಸಿಗೆ ಬಸ್ಸೇ, "ಸಿಕ್ಕಿರಬೌದು, ನಡೀರಿ ಅಣ್ಣ" ಎಂದದ್ದೂ ಅವರ ಕಿವಿಗೆ ಬಿತ್ತು. ಬಿಳುಚಿಕೊಂಡು ಎದ್ದು ನಿಂತರು. ಶಫಿ ಸಮಾಧಾನ ಮಾಡಲು, "ಕೂತ್ಕಳಿ ಸಾರ್, ದಿನಾ ಹಿಂಗೇ" ಎಂದ. ಅವರು ಮುಂದಿನ ಸ್ಟಾಪಿನಲ್ಲಿ ಇಳಿದು ಹೋದರು.

ಡಾಕ್ಟ್ರಮ್ಮ ಆಗಾಗ ಅಳೆಯುತ್ತಿದ್ದರು. ಅಳೆದ ಮಾರನೆಯ ದಿನ ಬಸ್ಸಿನಲ್ಲಿ ಎಲ್ಲರಿಗೂ ಮಾರ್ಕ್ಸು ಗೊತ್ತಾಗಬೇಕು. ಇಪ್ಪತ್ತೊಂಬತ್ತು ಇದ್ದದ್ದು ಇಪ್ಪತ್ತಮೂರಕ್ಕೆ ಇಳಿಯಿತು ಎಂದಾಗ ಚಿಕ್ಕತಾಯಮ್ಮನ ಮುಖ ಸಪ್ಪಗಾಯಿತು. "ಬೇಜಾರ್ ಮಾಡ್ಕಬ್ಯಾಡ ಕಣಪ್ಪ, ಮುಂದಿನ ಸಲ ಚೆನ್ನಾಗ್ ಬರಿ" ಎಂದಳು. ಕಡಿಮೆಯಾದಷ್ಟೂ ಒಳ್ಳೆಯದು ಎಂದು ಶಫಿ ಬಿಡಿಸಿ ಹೇಳಿದ. "ಇದ್ಯಾವ ಸೀಮೆ ಪರೀಕ್ಷೆ?" ಎಂದು ಗೊಣಗಿದಳು. ಹದಿನಾಲ್ಕಕ್ಕೆ ಬಂದ ದಿನ ಮಾತ್ರ ಒಂದು ಕಟ್ಟು ದಂಟನ್ನು ಸುಮ್ಮನೆ ತಂದು ಅವರ ಸೀಟಿನ ಪಕ್ಕ ಇಟ್ಟಳು.

ಆಮೇಲೆ ಆ ಬೆಳಿಗ್ಗೆ ಬಂತು. ಕೆಂಗಲ್ ದಾಟಿ ಹಂಪು ಹತ್ತಿದೆವು. ಧಡ್ ಎಂದಿತು. ಈ ಸಲ ಹಿಂದಿನ ಚಕ್ರ ಯಾವುದರ ಮೇಲೋ ಹತ್ತಿ ಇಳಿದದ್ದು ಎಲ್ಲರ ಬೆನ್ನಿಗೂ ಗೊತ್ತಾಯಿತು. ಡ್ರೈವರಣ್ಣ ಏನೂ ಕೇಳಲಿಲ್ಲ. ಚಿಕ್ಕತಾಯಮ್ಮನೇ ಎದ್ದು ನಿಂತಳು.

"ಅಪ್ಪಾ, ನಿಜವಾಗ್ಲೂ ಏನೋ ಬಿದ್ದೈತೆ ಕಣಪ್ಪ."

"ಇರಬೌದು ಕಣಮ್ಮ" ಎಂದರು ಡ್ರೈವರಣ್ಣ. ಬಸ್ಸು ಮುಂದಕ್ಕೆ ಹೋಯಿತು.

"ನಿಲ್ಸಿ ಅಣ್ಣ" ಎಂದ ಶಫಿ.

"ಡಾಕ್ಟ್ರಮ್ಮ ಏನಂದವ್ರೆ? ನೋಡಂಗಿಲ್ಲ."

ಇಡೀ ಬಸ್ಸು ನಿಲ್ಲಿಸಿ ನಿಲ್ಲಿಸಿ ಎನ್ನುತ್ತಿತ್ತು, ಅವರೊಬ್ಬರು ಹಲ್ಲು ಕಚ್ಚಿ ಮುಂದೆ ನೋಡುತ್ತ ಓಡಿಸುತ್ತಿದ್ದರು. ನಾನು ಎದ್ದು ಅವರ ಸೀಟಿನ ಹತ್ತಿರ ಹೋದೆ. "ಅಣ್ಣ, ಇದು ಗೀಳಲ್ಲ. ಇದು ಸದ್ದು. ನಾವೆಲ್ಲ ಕೇಳಿದ್ದೀವಿ."

"ನಿಜವಾಗ್ಲೂ?"

"ನಿಜವಾಗ್ಲೂ."

ಬಸ್ಸು ನಿಂತಿತು. ಅವರು ಇಳಿಯುವಾಗ ಬಾಗಿಲ ಕಂಬಿಯನ್ನು ಎರಡು ಕೈಯಲ್ಲಿ ಹಿಡಿದುಕೊಂಡರು. ನಾವು ಹಿಂದಿನ ಗಾಜಿಗೆ ಮುಖ ಒತ್ತಿ ನೋಡಿದೆವು. ದೂರದಲ್ಲಿ ರಸ್ತೆಯ ಮೇಲೆ ಏನೋ ಮಗ್ಗುಲಾಗಿ, ನಾಲ್ಕೂ ಕಾಲು ಚಾಚಿ ಬಿದ್ದಿತ್ತು. ಡ್ರೈವರಣ್ಣ ಅದರ ಹತ್ತಿರ ಹೋದರು, ನಿಂತರು, ಹಾಗೇ ರಸ್ತೆಯ ಮೇಲೆ ಕುಸಿದು ಕೂತರು. ಶಫಿ ಓಡಿದ. ನಾವೂ ಓಡಿದೆವು.

ಅದೊಂದು ಮರದ ಕುದುರೆ. ಮಕ್ಕಳು ಕೂತು ತೂಗುವಂಥದ್ದು, ಕೆಂಪು ಹಳದಿ ಅರಗಿನ ಬಣ್ಣ. ಚನ್ನಪಟ್ಟಣದ ಗೊಂಬೆಯವರು ರಾಮನಗರದ ಅಂಗಡಿಗೆಂದು ಹಾಕಿದ್ದನ್ನು ಶಫಿ ಟಾಪಿನ ಮೇಲೆ ಕಟ್ಟಿದ್ದ, ಹಗ್ಗ ಸಡಿಲವಾಗಿ ಅದು ಪಕ್ಕಕ್ಕೆ ಜಾರಿ ಬಿದ್ದಿತ್ತು. ಚಕ್ರ ಹತ್ತಿ ತೂಗುವ ಪಟ್ಟಿ ಸೀಳಿತ್ತು, ಒಂದು ಕಿವಿ ಮುರಿದಿತ್ತು. ಡ್ರೈವರಣ್ಣ ಅದರ ಕತ್ತು ಸವರುತ್ತಿದ್ದರು. ಅವರು ಅಳುತ್ತಿದ್ದಾರೋ ನಗುತ್ತಿದ್ದಾರೋ ಹೇಳುವುದು ಕಷ್ಟವಾಗಿತ್ತು.

"ಇಷ್ಟು ವರ್ಷಕ್ಕೆ ಒಬ್ಬ ಸಿಕ್ಕ ಕಣ್ಲಾ ಶಫಿ" ಎಂದರು.

ಕುದುರೆಯನ್ನು ತಾವೇ ಎತ್ತಿ ತಂದು ಇಂಜಿನ್ ಬಾನೆಟ್ಟಿನ ಪಕ್ಕ ನಿಲ್ಲಿಸಿ, ಸೀಟಿನಲ್ಲಿ ಕೂತರು. ನಾವು ಮಾತ್ರ ಇನ್ನೂ ಕೆಳಗೇ ಇದ್ದೆವು. ಒಬ್ಬರು ಬಸ್ಸಿನ ಅಡಿ ಬಗ್ಗಿ ನೋಡುತ್ತಿದ್ದರು. ಇನ್ನಿಬ್ಬರು ಚರಂಡಿ ನೋಡುತ್ತಿದ್ದರು. ಚಿಕ್ಕತಾಯಮ್ಮ ರಸ್ತೆ ಮಧ್ಯೆ ನಿಂತು, "ಕುದ್ರೆ ಮ್ಯಾಲೆ ಯಾರಾರ ಕೂತಿದ್ರಾ ನೋಡ್ರಪ್ಪ" ಎನ್ನುತ್ತಿದ್ದಳು.

ಬಸ್ಸಿನ ಹಾರ್ನ್ ಜೋರಾಗಿ ಕೂಗಿತು. ಡ್ರೈವರಣ್ಣ ಕಿಟಕಿಯಿಂದ ತಲೆ ಹೊರಗೆ ಹಾಕಿದ್ದರು. "ಹತ್ತಿ ಹತ್ತಿ. ಒಂದ್ಸಲ ನೋಡಾಯ್ತಲ್ಲ. ಟೈಮಾಯ್ತು." ಅವರ ಬಾಯಲ್ಲಿ ಆ ಮಾತನ್ನು ನಾವು ಯಾರೂ ಕೇಳಿರಲಿಲ್ಲ.

ಕಾಯಿಲೆ ಪೂರ್ತಿ ಹೋಯಿತೆಂದು ನಾನು ಬರೆಯಲಾರೆ. ಹೆಂಡತಿಗೆ ಹುಷಾರಿಲ್ಲದಿದ್ದ ಒಂದು ಮಳೆಗಾಲ ಬಸ್ಸು ಮತ್ತೆ ಬಂಕಿನಲ್ಲಿ ತಿರುಗಿತು. ಮಾತ್ರೆ ಬದಲಾಯಿತು, ನಾವು ಮತ್ತೆ ಇರಬೌದು ಇರಬೌದು ಎಂದೆವು, ಮಾರ್ಕ್ಸು ಮತ್ತೆ ಇಳಿಯಿತು.

ಕೆಲಸ ಬಿಟ್ಟ ಮೇಲೆ, ಹೋದ ವಾರ, ಪ್ರಯಾಣಿಕರಾಗಿ ಬಸ್ಸಿನಲ್ಲಿ ಬಂದಿಳಿದು ಡಾಕ್ಟ್ರಮ್ಮನ ಕೋಣೆಗೆ ಬಂದರು. ಮಾತ್ರೆಯ ವಿಷಯ ಕೇಳಲು ನಾನೂ ಅಲ್ಲಿದ್ದೆ. ಒಂದ್ಸಲ ಅಳೆದುಬಿಡಿ ಎಂದು ಅವರೇ ಕೇಳಿದರು. ಡಾಕ್ಟ್ರಮ್ಮ ಒಂದೊಂದೇ ಪ್ರಶ್ನೆ ಕೇಳಿ ಗುರುತು ಹಾಕಿ ಕೂಡಿದರು.

"ಮೂರು" ಎಂದರು.

"ಮೂರಾ?"

"ಹೂಂ, ಮೂರು."

ಡ್ರೈವರಣ್ಣ ಕುರ್ಚಿಯಲ್ಲಿ ಮುಂದಕ್ಕೆ ಸರಿದರು. "ಸರಿಯಾಗ್ ಕೂಡುದ್ರಾ ಮೇಡಂ? ಇನ್ನೊಂದ್ಸಲ ನೋಡ್ಬುಡಿ."

ಡಾಕ್ಟ್ರಮ್ಮ ಹಾಳೆ ಮಡಿಸಿ ಡ್ರಾಯರಿನೊಳಗಿಟ್ಟು ಮುಚ್ಚಿದರು. ಡ್ರೈವರಣ್ಣ ಡ್ರಾಯರನ್ನೇ ನೋಡುತ್ತ ಕೂತರು. ತೊಡೆಯ ಮೇಲೆ ಬೆರಳುಗಳು ಒಂದೊಂದಾಗಿ ಮಡಚಿಕೊಂಡವು, ಬಿಚ್ಚಿಕೊಂಡವು. ಹೊರಗೆ ಮುಂದಿನವರ ಹೆಸರು ಕೂಗಿದರು. ಆಗ ಎದ್ದರು. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು.

"ನಾಕೂ ಇರಬೌದು. ಇರ್ಲಿ ಬುಡಿ" ಎಂದು ಹೊರಟರು.